ಕೌಲಿಯ ಹುಲ್ಲುಗರು

ಬೈರಲಿಂಗ ಒಳ್ಳೆಯವನು. ಹೆಂಡ ಒಂದು ಬಿಟ್ಟರೆ ಅವನ ಮೇಲೆ ಊರಿನಲ್ಲಿ ಯಾರೂ ಒಂದು ಮಾತು ಆಡುವ ಹಾಗಿರಲಿಲ್ಲ. ಆದರೆ ದೀಪ ಹಚ್ಚುವ ಹೊತ್ತಾಯಿತು ಅಂದರೆ ಅವನ ಕಾಲು ತಾನಾಗಿ ಹೆಂಡದಂಗಡಿಯ ದಾರಿ ಹಿಡಿಯುತ್ತಿತ್ತು. ದೇವರ ಮೇಲೆ ಆಣೆ ಇಟ್ಟ, ಹೆಂಡತಿಯ ತಲೆ ಮುಟ್ಟಿ ಆಣೆ ಇಟ್ಟ. ಆಣೆ ಇಡುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ ಬಿಡಿ. ಮುರಿಯುವುದರಲ್ಲೂ ಅಷ್ಟೇ.

ಹೆಂಡತಿ ದೇವೀರಮ್ಮನಿಗೆ ಸಾಕಾಗಿ ಹೋಯಿತು. ಒಂದು ಬೆಳಿಗ್ಗೆ ತನ್ನ ಸೀರೆಗಳನ್ನೆಲ್ಲ ಗಂಟು ಕಟ್ಟಿ ಗೋಡೆಯ ಗೂಟಕ್ಕೆ ನೇತುಹಾಕಿದಳು.

"ಇನ್ನೊಂದು ಸಲ ಕುಡಿದು ಬಂದ್ರೆ ಈ ಗಂಟು ತಗೊಂಡು ತವರಿಗೆ ಹೋಗ್ತೀನಿ. ಕರೆಯೋಕೆ ಬರಬೇಡಿ" ಅಂದಳು.

ಕೂಗಾಡಿದ್ದರೆ ಅವನಿಗೆ ಹೆದರಿಕೆ ಇರುತ್ತಿರಲಿಲ್ಲ. ಅವಳು ಮೆಲ್ಲಗೆ ಹೇಳಿದ್ದಳು. ಬೈರಲಿಂಗ ಎದ್ದೆನೋ ಬಿದ್ದೆನೋ ಎಂದು ಊರ ಮಠಕ್ಕೆ ಓಡಿದ.

"ಬುದ್ಧೀ, ನಿಮ್ಮ ಪಾದ ಮುಟ್ಟಿ ಆಣೆ ಇಡ್ತೀನಿ" ಅಂದ.

ಮಠದ ಅಯ್ಯನವರು ಕಾಲು ಹಿಂದಕ್ಕೆ ಎಳೆದುಕೊಂಡರು. "ಆಣೆ ಆಮೇಲಾಗಲಿ. ನಿನ್ನ ಕೌಲಿ ಹಾಲು ಕೊಡ್ತಿದೆಯೇನೋ?"

ಕೌಲಿ ಅವನ ಹಸು. ಅದರ ಕರು ಸತ್ತುಹೋಗಿತ್ತು. ಹಾಗಾದಾಗ ಸತ್ತ ಕರುವಿನ ಚರ್ಮಕ್ಕೆ ಹುಲ್ಲು ತುಂಬಿ ಹಸುವಿನ ಮುಂದೆ ನಿಲ್ಲಿಸುತ್ತಾರೆ. ಹಸು ಅದನ್ನು ನೆಕ್ಕುತ್ತಾ ಹಾಲು ಬಿಡುತ್ತದೆ. ಕೌಲಿಗೂ ಅಂಥದೊಂದು ಹುಲ್ಲುಗರು ಇತ್ತು.

"ಆ ಹುಲ್ಲುಗರು ತಂದು ಇಲ್ಲಿಟ್ಟು ಹೋಗು. ನಾಳೆ ಬಾ" ಅಂದರು ಅಯ್ಯನವರು.

ತಂದಿಟ್ಟ. ಅಂದು ಹೆಂಡದ ಕಡೆ ತಿರುಗಲೂ ಪುರುಸೊತ್ತಿಲ್ಲ, ಹಾಗೆ ಕೌಲಿ ಹಗ್ಗ ಜಗ್ಗಿ ಅಂಬಾ ಅಂಬಾ ಎಂದು ಕೂಗಿತು. ಜಪ್ಪಯ್ಯ ಅಂದರೂ ಹಾಲು ಬಿಡಲಿಲ್ಲ. ಚೆಂಬನ್ನು ಒದ್ದು ಬೀಳಿಸಿತು.

ಬೆಳಿಗ್ಗೆ ಬೈರಲಿಂಗ ಮಠದಲ್ಲಿ ಹಾಜರು. "ಬುದ್ಧೀ, ಅದನ್ನ ಕೊಟ್ಬಿಡಿ. ಹಸು ಹುಚ್ಚು ಹಿಡಿದ ಹಾಗೆ ಆಡ್ತಿದೆ."

"ಅದು ಬರೀ ಹುಲ್ಲು ಅಂತ ಕೌಲಿಗೆ ಗೊತ್ತಿಲ್ವೇನೋ?"

"ಗೊತ್ತಿರುತ್ತೆ ಬುದ್ಧಿ. ವಾಸನೆಯಲ್ಲೇ ಗೊತ್ತಾಗುತ್ತೆ."

"ಮತ್ತೆ ಯಾಕೆ ನೆಕ್ಕುತ್ತೆ?"

"ಕರು ಇಲ್ವಲ್ಲ" ಅಂದ ಬೈರಲಿಂಗ. ಅಂದವನ ಕಣ್ಣು ಮಠದ ಗಂಟೆಯ ಕಡೆ ಹೋಯಿತು.

ಅವನಿಗೊಬ್ಬಳು ಮಗಳಿದ್ದಳು, ಚೆಲುವಿ. ದಿನಾ ದೀಪದ ಹೊತ್ತಿಗೆ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಇದೇ ಮಠಕ್ಕೆ ಬರುತ್ತಿದ್ದ. ಗಂಟೆ ಅವಳೇ ಬಾರಿಸಬೇಕು, ಬೇರೆಯವರು ಮುಟ್ಟಿದರೆ ರಂಪ. ಜ್ವರ ಬಂದು ಚೆಲುವಿ ಹೋದ ದಿನ, ನಿದ್ದೆ ಬರಲಿ ಎಂದು ಯಾರೋ ಅವನಿಗೆ ಹೆಂಡ ಕುಡಿಸಿದರು. ಆಮೇಲೆ ದೀಪದ ಹೊತ್ತಿಗೆ ಮಠದ ಕಡೆ ತಲೆ ಹಾಕಲಿಲ್ಲ. ಮಗಳ ಹೆಸರು ಎತ್ತಲಿಲ್ಲ, ಹೆಂಡತಿಯ ಹತ್ತಿರವೂ ಇಲ್ಲ, ದೇವರ ಹತ್ತಿರವೂ ಇಲ್ಲ.

"ಹೆಂಡ ನಿನ್ನ ಹುಲ್ಲುಗರು ಕಣೋ. ಆಣೆ ಇಟ್ಟಾಗಲೆಲ್ಲ ನೀನು ಅದನ್ನ ಕಿತ್ತು ಎಸೆದೆ. ಜಾಗ ಖಾಲಿ ಬಿಟ್ಟೆ. ಖಾಲಿ ಜಾಗ ಕೂಗದೆ ಇರುತ್ತೇನೋ?" ಅಂದರು ಅಯ್ಯನವರು. ಹುಲ್ಲುಗರುವಿನ ಜೊತೆಗೆ ಮಠದಲ್ಲಿದ್ದ ತಾಯಿಯಿಲ್ಲದ ಒಂದು ಕರುವನ್ನೂ ಅವನ ಕೈಗೆ ಕೊಟ್ಟರು. "ದೀಪದ ಹೊತ್ತಿಗೇ ಇದನ್ನ ಹಸುವಿಗೆ ಬಿಡು. ಆ ಹೊತ್ತಲ್ಲಿ ಮಗಳ ಹೆಸರು ಹೇಳು. ದೇವರ ಮೇಲೆ ಸಿಟ್ಟಿದ್ರೆ ಬಾಯಿಬಿಟ್ಟು ಬೈದುಬಿಡು. ಮಾತು ಮಾತ್ರ ಬಿಡಬೇಡ."

ಸಂಜೆಯಾಯಿತು. ಹಸು ನೆಕ್ಕಲಿ ಎಂದು ಬೈರಲಿಂಗ ಕರುವಿನ ಬೆನ್ನಿಗೆ ಉಪ್ಪು ಸವರಿ ಕೌಲಿಯ ಮುಂದೆ ಬಿಟ್ಟ. ಕೌಲಿ ಮೂಸಿ, ಒದ್ದುಬಿಟ್ಟಿತು. ಕುಡಿಯದೆ ಕೂತವನ ಕೈ ನಡುಗುತ್ತಿತ್ತು. ದೇವೀರಮ್ಮ ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದಳು.

"ಚೆಲುವಿ ಇದ್ದಿದ್ರೆ ಈ ಕರು ಮುಟ್ಟೋಕೂ ನಮ್ಮನ್ನ ಬಿಡ್ತಿರಲಿಲ್ಲ" ಅಂದ.

ದೇವೀರಮ್ಮ ಬಂದು ಪಕ್ಕದಲ್ಲಿ ಕೂತಳು. "ಅದರ ಕೊರಳಿಗೆ ಮಠದ ಗಂಟೆ ಕಟ್ಟಿ ಅಂತ ಪ್ರಾಣ ತಿಂತಿದ್ಲು" ಅಂದಳು. ಇಬ್ಬರೂ ನಕ್ಕರು. ನಕ್ಕವರು ಹಾಗೇ ಅತ್ತರು, ಹೊಟ್ಟೆ ತುಂಬ ಅತ್ತರು. ಅಂದು ಅವನ ಕಾಲು ಹೆಂಡದಂಗಡಿಗೆ ಹೋಗಲಿಲ್ಲ.

ಮಾರನೆಯ ದಿನವೇ ಎಲ್ಲ ಸರಿಹೋಯಿತು ಎಂದರೆ ಸುಳ್ಳಾಗುತ್ತದೆ. ಕೌಲಿ ಒದೆಯುವುದನ್ನು ಬಿಡಲು ದಿನ ಹಿಡಿಯಿತು, ಬೈರಲಿಂಗನ ಕೈ ನಡುಕ ನಿಲ್ಲಲೂ ದಿನ ಹಿಡಿಯಿತು. ಕೌಲಿ ಮೊದಮೊದಲು ಉಪ್ಪನ್ನು ನೆಕ್ಕಿತು, ಆಮೇಲೆ ಕರುವನ್ನೇ ನೆಕ್ಕಿತು. ಒಂದು ಸಂಜೆ ಅಡ್ಡ ನಿಂತಿದ್ದ ಹುಲ್ಲುಗರುವನ್ನು ತಾನೇ ಕೊಂಬಿನಿಂದ ಪಕ್ಕಕ್ಕೆ ತಳ್ಳಿ ಕರುವಿಗೆ ಮೊಲೆ ಕೊಟ್ಟಿತು. ತಳ್ಳಿದ್ದನ್ನು ತಿರುಗಿಯೂ ನೋಡಲಿಲ್ಲ.

ಬೈರಲಿಂಗನಿಗೆ ಹಿಡಿಸಲಾರದಷ್ಟು ಖುಷಿ. ಹೆಂಡತಿಗೆ ಹೇಳೋಣವೆಂದು ಒಳಗೆ ಓಡಿದ. ಗೂಟದಲ್ಲಿ ಗಂಟು ಇಲ್ಲ. ಕುಡಿದಿಲ್ಲವಲ್ಲ, ಯಾಕೆ ಹೋದಳು ಎಂದುಕೊಳ್ಳುತ್ತಾ ಹಿತ್ತಿಲಿಗೆ ಬಂದ.

ಹಗ್ಗದ ಮೇಲೆ ಸೀರೆಗಳೆಲ್ಲ ಸಾಲಾಗಿ ಒಣಗುತ್ತಿದ್ದವು.

"ಗಂಟಲ್ಲೇ ಇದ್ದು ಮುಗ್ಗಲು ವಾಸನೆ ಬಂದಿತ್ತು, ಒಗೆದು ಹಾಕಿದೆ" ಅಂದಳು ದೇವೀರಮ್ಮ. "ನಡೀರಿ, ಮಠದಲ್ಲಿ ದೀಪದ ಹೊತ್ತಾಯ್ತು."

ಅಂದು ಮಠದ ಗಂಟೆಯನ್ನು ಬೈರಲಿಂಗ ಬಾರಿಸಿದ, ಚೆಲುವಿ ಬಾರಿಸುತ್ತಿದ್ದ ಹಾಗೆಯೇ, ಸಾಕು ಅಂದರೂ ಬಿಡದೆ.

ನೀತಿ: ಒಳಗೆ ಪ್ರೀತಿ ಇದ್ದ ಜಾಗ ಖಾಲಿಯಾದಾಗ ನಾವು ನಿಲ್ಲಿಸಿಕೊಳ್ಳುವ ಹುಲ್ಲುಗರುವೇ ಚಟ. ಅದನ್ನು ಕಿತ್ತೆಸೆದರಷ್ಟೇ ಸಾಲದು. ಆ ಜಾಗಕ್ಕೆ ಜೀವವಿರುವ ಪ್ರೀತಿಯನ್ನು ಕರೆತನ್ನಿ, ಚಟ ತಾನಾಗಿ ಪಕ್ಕಕ್ಕೆ ಸರಿಯುತ್ತದೆ.