ಬರಿಮಂಟಪಕ್ಕೆ ಆ ಹೆಸರು ಬಂದ ಬಗೆ

ಕಣಜನಗುಡ್ಡದ ಮೇಲೆ ಗೋಪಾಲಸ್ವಾಮಿ ಗುಡಿಯ ಮುಂದಿರುವ ಕಲ್ಲುಮಂಟಪಕ್ಕೆ ಊರವರೆಲ್ಲ ಬರಿಮಂಟಪ ಎನ್ನುತ್ತಾರೆ. ಮೊದಲ ಸಲ ಬಂದವರಿಗೆ ನಗು ಬರುತ್ತದೆ. ಸುತ್ತ ಗೋಡೆ, ಒಂದೇ ಬಾಗಿಲು, ಒಳಗೆ ಮೂವತ್ತಾರು ಕಂಬ, ಕಂಬಕ್ಕೊಂದು ಗಿಳಿ, ಚಾವಣಿಯಲ್ಲಿ ತಾವರೆ, ನಡುವೆ ಕನ್ನಡಿಯಂಥ ನುಣುಪು ಕಲ್ಲು. ಇದರಲ್ಲಿ ಬರಿದು ಯಾವುದು? ಅರ್ಚಕರನ್ನು ಕೇಳಿದರೆ ಶಾಸನದಲ್ಲಿಲ್ಲ ಎಂದು ಗಂಟಲು ಸರಿಮಾಡಿಕೊಳ್ಳುತ್ತಾರೆ. ಶಾಸನದಲ್ಲಿ ಹೇಗಿದ್ದೀತು? ದೊಡ್ಡವರು ತಮ್ಮ ಮಾನ ಹೋದ ಸಂಗತಿಯನ್ನು ಕಲ್ಲಿನಲ್ಲಿ ಕೆತ್ತಿಸುತ್ತಾರೆಯೆ? ಅದು ಉಳಿದಿರುವುದು ಹೆಂಗಸರ ಬಾಯಲ್ಲಿ.

ಹಿಂದೆ ಈ ಗುಡ್ಡ ಕಾಟಪ್ಪನಾಯಕನ ಕೈಯಲ್ಲಿದ್ದಾಗ, ಮಧ್ಯಾಹ್ನದ ಪೂಜೆಗೆ ದಿನವೂ ಸ್ವಾಮಿಯ ಮುಂದೆ ಕುಣಿತದ ಸೇವೆ ನಡೆಯಬೇಕಿತ್ತು; ನಡೆಯದಿದ್ದರೆ ನೈವೇದ್ಯವಿಲ್ಲ, ಸ್ವಾಮಿ ಉಪವಾಸ. ಆ ಸೇವೆಗೆಂದೇ ಗುಡ್ಡದ ಕೆಳಗೆ ನಾಯಕಸಾನಿಯರ ಮನೆಯೊಂದಿತ್ತು. ಯಜಮಾನಿ ಚೆನ್ನಸಾನಿ, ಕುಣಿಯುವವಳು ಅವಳ ಮಗಳು ರಂಗಸಾನಿ. ಅಪ್ಪ ಅಮ್ಮ ಇಬ್ಬರನ್ನೂ ಕಳೆದುಕೊಂಡ ತಿಪ್ಪಿ ಎಂಬ ಏಳು ವರ್ಷದ ಹುಡುಗಿ ಆ ಮನೆಗೆ ನೀರು ಹೊರಲು ಬಂದಳು. ಪರರ ಕಣ್ಣು ಬಿದ್ದರೆ ವಿದ್ಯೆ ಕರಗುತ್ತದೆಂದು ಮಗಳ ಪಾಠದ ಹೊತ್ತಿಗೆ ಚೆನ್ನಸಾನಿ ಬಾಗಿಲು ಹಾಕಿಸುತ್ತಿದ್ದಳು; ಗುಡಿಯ ಸೇವೆಯ ಹೊತ್ತಿಗೆ ತಿಪ್ಪಿಯನ್ನು ಕೆರೆಗೆ ಅಟ್ಟುತ್ತಿದ್ದಳು. ಕಿವಿಗೆ ಬಾಗಿಲು ಹಾಕಲಾದೀತೆ? ಗೋಡೆಯಾಚೆಯ ಹೆಜ್ಜೆಯ ಸದ್ದನ್ನೇ ಹಿಡಿದು, ಕೆರೆಯಿಂದ ಗುಡಿಗೆ ಹತ್ತುವ ಮುನ್ನೂರು ಮೆಟ್ಟಿಲ ಮೇಲೆ, ಕೈಗೊಂದು ತುಂಬಿದ ಬಿಂದಿಗೆ ಹಿಡಿದು, ಹನಿ ತುಳುಕದಂತೆ ತಿಪ್ಪಿ ಹನ್ನೆರಡು ವರ್ಷ ಕುಣಿದು ಕಲಿತಳು. "ಒಂದೇ ಒಂದು ಸಲ ಗೆಜ್ಜೆ ಕಟ್ಟಮ್ಮ" ಎಂದು ಬೇಡಿದಾಗಲೆಲ್ಲ ಚೆನ್ನಸಾನಿ, "ನಿನ್ನ ಹಣೇಲಿ ಬಿಂದಿಗೆ ಬರೆದದೆ ಕಣೇ, ಗೆಜ್ಜೆ ಬರೆದಿಲ್ಲ. ಹೋಗು, ತೊಟ್ಟಿ ತುಂಬಿಸು" ಎನ್ನುತ್ತಿದ್ದಳು.

ಒಂದು ಯುಗಾದಿಯ ಬೆಳಿಗ್ಗೆ ರಂಗಸಾನಿ ಕಾಣೆ. ಅವಳೊಬ್ಬಳೇ ಅಲ್ಲ, ಗುಡಿಯ ಪಾರುಪತ್ಯಗಾರನ ಅಳಿಯನೂ ಕಾಣೆ. ಹೆಂಡತಿಯ ಬಾಣಂತನಕ್ಕೆಂದು ಬಂದು ಮಾವನ ಮನೆಯಲ್ಲಿ ತುಪ್ಪ ಸುರಿದುಕೊಂಡು ಉಣ್ಣುತ್ತಿದ್ದವನು, ಬಾಣಂತಿ ಕಷಾಯ ಕುಡಿಯುವ ಹೊತ್ತಿಗೆ ಹೊಳೆ ದಾಟಿದ್ದ. ಮಾವನ ಜರಿಪಂಚೆಯನ್ನೇ ಉಟ್ಟು ಹೋದ ಎನ್ನುತ್ತಾರೆ. ಸುಳ್ಳಿದ್ದರೂ ಇರಲಿ, ಚೆನ್ನಾಗಿದೆ. ಇತ್ತ ನಾಯಕ ನೆಂಟರಿಷ್ಟರ ಸಮೇತ ಮಂಟಪದಲ್ಲಿ ಬಂದು ಕುಳಿತಾಗಿತ್ತು. ಚೆನ್ನಸಾನಿ ತಲೆ ಚಚ್ಚಿಕೊಳ್ಳುತ್ತಿರುವಾಗ ತಿಪ್ಪಿ ಬಿಂದಿಗೆ ಕೆಳಗಿಟ್ಟಳು.

"ನಾನು ಕುಣೀತೀನಮ್ಮ."

"ನೀನು? ಎಲ್ಲಿ ಕಲಿತೆಯೇ ಕಳ್ಳಿ?"

"ಮೆಟ್ಟಿಲ ಮೇಲೆ."

ಬೇರೆ ದಾರಿಯಿಲ್ಲದೆ ಚೆನ್ನಸಾನಿ ಗೆಜ್ಜೆ ಕಟ್ಟಿದಳು. ಸೇವೆಯನ್ನು ಮುಗಿಸಿದವಳಿಗೆ ಗೆಜ್ಜೆ ಜೀವಮಾನಕ್ಕೂ ಸಲ್ಲುತ್ತಿತ್ತು. ನಡುವೆ ನಿಲ್ಲಿಸಿದವಳು ಮತ್ತೆ ಮಂಟಪ ಹತ್ತುವಂತಿರಲಿಲ್ಲ. ಕುರುಡ ಕಾಳಯ್ಯ ಮದ್ದಳೆ ಬಾರಿಸಿದ, ತಿಪ್ಪಿ ಹೆಜ್ಜೆ ಎತ್ತಿದಳು. ಅಂಥ ಕಾಲು ಆ ಕಲ್ಲು ಕಂಡಿರಲಿಲ್ಲ. ಆದರೆ ಕೈ? ಕೈ ಹೇಗಾಡುತ್ತದೆಂದು ಅವಳು ಎಂದೂ ನೋಡಿರಲಿಲ್ಲವಲ್ಲ! ಎರಡೂ ತೋಳು ಜೋತುಬಿದ್ದು, ಬೆರಳು ಬಿಂದಿಗೆಯ ಕಂಠ ಹಿಡಿದಂತೆಯೇ ಮುದುರಿದ್ದವು. "ಅಯ್ಯೋ ಮಗಳೇ, ನೀರು ಎಲ್ಲಿ ಚೆಲ್ಲಿ ಬಂದ್ಯೇ?" ಎಂದು ಒಬ್ಬಳು ಕೂಗಿದ್ದೇ ತಡ, ಸಭೆಯೆಲ್ಲ ಗೊಳ್ಳೆಂದಿತು. ನೆಂಟರ ಮುಂದೆ ಮುಖ ಕೆಟ್ಟ ನಾಯಕ ಎದ್ದು ನಡೆದ. ನಾಯಕ ಎದ್ದ ಮೇಲೆ ಯಾರೂ ಕೂರುವಂತಿಲ್ಲ. ಚೆನ್ನಸಾನಿಯೂ ಎದ್ದಳು. ತಿಪ್ಪಿ ಒಬ್ಬೊಬ್ಬರೇ ಹೋಗುವುದನ್ನು ನೋಡುತ್ತಲೇ ಕುಣಿದಳು.

"ಏನವ್ವ, ಸಭೆ ಉಸಿರೇ ಎತ್ತುತಾ ಇಲ್ಲ?" ಎಂದ ಕಾಳಯ್ಯ.

"ಮೆಚ್ಚಿಕೊಂಡು ಕೂತವ್ರೆ ತಾತ. ನೀನು ಬಾರಿಸು."

ಗೆಜ್ಜೆ ಅವಳದಾಯಿತು, ತಿಪ್ಪಸಾನಿ ಎಂಬ ಹೆಸರೂ ಆಯಿತು. ನೋಡುವವರು ಮಾತ್ರ ಬರಲಿಲ್ಲ. ಅರ್ಚಕ ನೈವೇದ್ಯದ ನೆವ ಹೇಳಿ ಅಡುಗೆಮನೆ ಸೇರುತ್ತಿದ್ದ. ಕಾಳಯ್ಯ ಸತ್ತ ಮೇಲೆ ಅವನ ಮಗ ಊರವರ ನಗೆಗೆ ಹೆದರಿ ಬಾಗಿಲಾಚೆ ಕೂತು ಬಾರಿಸಿದ. ಎದುರಿಗಿದ್ದವನು ಕೊಳಲು ಹಿಡಿದ ಸ್ವಾಮಿ ಒಬ್ಬನೇ. ಅವನ ಬೆರಳು ನೋಡಿ ನೋಡಿ ತನ್ನ ಬೆರಳು ಬಿಡಿಸಿಕೊಂಡಳು ಎನ್ನುತ್ತಾರೆ. ಹೀಗೆ ನಲವತ್ತು ವರ್ಷ. ಆ ಹೆಜ್ಜೆಯ ಸದ್ದಿನ ಸುದ್ದಿ ಊರೂರು ಹಬ್ಬಿ, ಕೊನೆಗೆ ಹಲ್ಲುದುರಿದ ನಾಯಕ ಊರನ್ನೆಲ್ಲ ಕಟ್ಟಿಕೊಂಡು ಬಂದು ಮಂಟಪದಲ್ಲಿ ಕುಳಿತ. ಮದ್ದಳೆ ಮೊದಲಾಯಿತು, ತಿಪ್ಪಸಾನಿಯ ಕಾಲು ಮೇಲೇಳಲಿಲ್ಲ.

"ಯಾಕೆ ತಿಪ್ಪಸಾನಿ?"

"ಅವತ್ತು ಎದ್ದು ಹೋದಿರಿ ಬುದ್ಧಿ. ಕಾಲು ಬರಿ ಮಂಟಪಕ್ಕೇ ಒಗ್ಗಿಬಿಟ್ಟವೆ. ಇವತ್ತೂ ಎದ್ದರೆ ಕುಣಿದಾವು."

ನಾಯಕ ಎದ್ದ, ಹಿಂದೆ ಎಲ್ಲರೂ ಎದ್ದರು. ಕಟ್ಟಕಡೆಯವನು ಹೊಸಿಲು ದಾಟುವ ತನಕ ಅವಳು ಬಾಗಿಲ ಕಡೆಗೇ ನೋಡುತ್ತಿದ್ದಳಂತೆ. ಒಬ್ಬರಾದರೂ ಹಟಮಾಡಿ ಕೂತಿದ್ದರೆ ಏನಾಗುತ್ತಿತ್ತೋ; ಯಾರೂ ಕೂರಲಿಲ್ಲ.

ಈಗ ಕುಣಿಯುವವರಿಲ್ಲ. ಆದರೂ ಮಧ್ಯಾಹ್ನದ ಮದ್ದಳೆಗೆ ಕೈ ಬಿದ್ದೊಡನೆ ಮಂಟಪದಲ್ಲಿದ್ದವರೆಲ್ಲ, ಕಂಕುಳ ಕೂಸಿನವರೂ ಕೋಲಿನ ಮುದುಕರೂ, ಎದ್ದು ಹೊರಗೆ ಬಂದು ಸುಡುವ ಕಲ್ಲಿನ ಮೇಲೆ ನಿಲ್ಲುತ್ತಾರೆ. ಬಂದವರು ನೋಡಬಹುದು. ತಿಪ್ಪಸಾನಿಯ ಕೈ ಕೊನೆಗೆ ಹೇಗಾಗಿತ್ತೆಂದು ಕೇಳಿದರೆ ಹೇಳುವವರಿಲ್ಲ. ಕಂಡವನು ಒಳಗಿರುವ ಗೋಪಾಲನೊಬ್ಬನೇ. ಅವನೋ, ಬಾಯಿಂದ ಕೊಳಲು ತೆಗೆಯುವುದಿಲ್ಲ.