ಬ್ಲೇಡು ನಿಲ್ಲುವ ತನಕ

"ಮತ್ತೆ ಕರೆದ, ಗುರುಗಳೇ! ಗರಗಸ ಇಳಿಸುವುದೇ ತಡ, 'ಅಮ್ಮಾ' ಅಂತ ಕೂಗುತ್ತಾನೆ. ನೋಡಿ, ಈ ಪಟದ ಕಟ್ಟಿನ ಮೂಲೆ ಹೇಗೆ ಬಾಯಿ ಬಿಟ್ಟಿದೆ. ನಾನು ಕೆಲಸ ಕಲಿಯಲೋ, ಇವನಿಗೆ ಓಗೊಡಲೋ? ಬಾಗಿಲಿಗೆ ಅಗುಳಿ ಹಾಕಿಬಿಡಲೇ?"

ಮರಗೆಲಸ ಕಲಿಯುತ್ತಿದ್ದ ಶಿಷ್ಯೆ ಹೀಗೆ ಕೇಳಿದಳು. ಅವಳ ಮಗ ಹೊಸ್ತಿಲಾಚೆ ಕೂತು ಮರದ ಹೊಟ್ಟನ್ನು ಗುಡ್ಡೆ ಹಾಕುತ್ತಿದ್ದ. ಗುರುಗಳು ಕಟ್ಟನ್ನು ಕೈಗೆತ್ತಿಕೊಂಡು ಕತೆ ಹೇಳಿದರು.

ಒಬ್ಬ ಬಡಗಿ ಇದ್ದ. ಪಟಗಳಿಗೆ ಕಟ್ಟು ಹಾಕುವುದು ಅವನ ಕಸುಬು. ಮರದ ಪಟ್ಟಿಯನ್ನು ಓರೆಯಾಗಿ ಕೊಯ್ಯಲು ಅವನಲ್ಲೂ ಇಂಥದೇ ಕರೆಂಟಿನ ಮೈಟರ್ ಗರಗಸವಿತ್ತು. ಪಟ್ಟಿಯನ್ನು ಹಿಂಬದಿಯ ಆಸರೆಗೆ ಒತ್ತಿ ಹಿಡಿಯುತ್ತಿದ್ದ. ಹಿಡಿದ ಕೈಯನ್ನು ಬ್ಲೇಡಿನಿಂದ ದೂರ ಇಡುತ್ತಿದ್ದ. ಬ್ಲೇಡು ಪೂರ್ತಿ ವೇಗ ಹಿಡಿದ ಮೇಲೆ ಮೆಲ್ಲಗೆ ಇಳಿಸುತ್ತಿದ್ದ. ಇಷ್ಟೆಲ್ಲ ಬಲ್ಲವನಿಗೆ ಕೊನೆಯಲ್ಲಿ ಒಂದು ಆತುರ. ಕೊಯ್ದ ಕೂಡಲೇ, ಬ್ಲೇಡು ಇನ್ನೂ ತಿರುಗುತ್ತಿರುವಾಗಲೇ ಮೇಲೆತ್ತಿ, ತುಂಡಿಗೆ ಕೈ ಹಾಕುತ್ತಿದ್ದ. ಏಳುವ ಬ್ಲೇಡು ಕೊಯ್ದ ಮುಖವನ್ನು ಗೀರುತ್ತಿತ್ತು. ಮೂಲೆ ಕೂಡುತ್ತಿರಲಿಲ್ಲ.

ಅವನ ಹೆಂಡತಿ ಗಂಡನ ಹೆಸರು ಹೇಳುವವಳಲ್ಲ. ಕಾಫಿಗೂ "ರೀ", ಊಟಕ್ಕೂ "ರೀ", ಬಾವಿಗೆ ಕೊಡ ಬಿದ್ದರೂ "ರೀ".

"ನೀನು ಕೂಗಿದ್ದಕ್ಕೇ ಈ ಮೂಲೆ ಬಾಯಿ ಬಿಟ್ಟಿದೆ" ಎಂದ ಬಡಗಿ.

"ನನ್ನ ಬಾಯಿ ಮುಚ್ಚಿದರೆ ಅದೂ ಮುಚ್ಚುತ್ತದೋ? ಆಗಲಿ. ಇನ್ನು ಗರಗಸದ ಸದ್ದು ಪೂರ್ತಿ ಅಡಗಿದ ಮೇಲೆ ಕರೆಯುತ್ತೇನೆ. ಆಗಲೂ ಬರದಿದ್ದರೆ ಕಾಫಿ ಬೆಕ್ಕಿಗೆ."

ಅಂದಿನಿಂದ ಅವಳು ತರಕಾರಿ ಹೆಚ್ಚುವ ಈಳಿಗೆಯನ್ನು ಹೊಸ್ತಿಲ ಬಳಿಗೇ ತಂದುಕೊಂಡಳು. ಸದ್ದು ಅಡಗುತ್ತಲೇ "ರೀ" ಎನ್ನುವಳು. ಹೇಳಲು ಏನಾದರೂ ಇದ್ದೇ ಇರುತ್ತಿತ್ತು. ಬಡಗಿಗೂ ಅದೇ ರೂಢಿಯಾಯಿತು. ಕೊಯ್ದಾದ ಮೇಲೆ ಸ್ವಿಚ್ಚು ಬಿಟ್ಟು, ಬ್ಲೇಡನ್ನು ಕೆಳಗೇ ಹಿಡಿದು, ಆ ಕೂಗಿಗೆ ಕಾಯುವನು. ಕೂಗು ಬಂದ ಮೇಲೆಯೇ ಕೈ ಎತ್ತುವನು. ಮೂಲೆಗಳು ಕೂದಲೂ ತೂರದಂತೆ ಕೂಡಿದವು. ಹೆಂಡತಿಗೆ ಮೌನ ಕಲಿಸಿದೆನೆಂದು ಅವನು ಊರೆಲ್ಲ ಹೇಳಿಕೊಂಡ.

ಹೆಂಡತಿ ತಂಗಿಯ ಬಾಣಂತನಕ್ಕೆಂದು ತವರಿಗೆ ಹೋದಳು. ಇನ್ನು ಹಾಯಾಗಿ ಕೊಯ್ಯಬಹುದೆಂದು ಬಡಗಿ ಗರಗಸದ ಮುಂದೆ ನಿಂತ. ಪಟ್ಟಿ ಕೊಯ್ದ. ಯಾರೂ ಕರೆಯಲಿಲ್ಲ. ಇನ್ನೂ ತಿರುಗುತ್ತಿದ್ದ ಬ್ಲೇಡು ಎತ್ತಿ ತುಂಡಿಗೆ ಕೈ ಹಾಕಿದ. ಹೆಬ್ಬೆರಳ ತುದಿ ಹೋಯಿತು.

ಹೊಲಿಗೆ ಹಾಕಿಸಿಕೊಂಡು ಅವನು ನೇರ ಮಾವನ ಮನೆಗೆ ಹೋದ. ಹೆಂಡತಿ ಬೈಯಲೆಂದು ಎದ್ದವಳು ಕೈ ನೋಡಿ ಕೂರಲು ಮಣೆ ಹಾಕಿದಳು.

"ಮನೆಗೆ ಬಾರೇ" ಎಂದ ಬಡಗಿ. "ಅಲ್ಲಿ ಕರೆಯುವವರಿಲ್ಲ."

ಕತೆ ಮುಗಿಯಿತು. ಶಿಷ್ಯೆ ಹೊಸ್ತಿಲ ಕಡೆ ನೋಡಿದಳು. ಮಗ ಹೊಟ್ಟಿನ ಗುಡ್ಡೆಯ ಮೇಲೊಂದು ಎಲೆ ಸಿಕ್ಕಿಸಿ, ಅಮ್ಮ ಯಾವಾಗ ನೋಡುತ್ತಾಳೋ ಎಂದು ಕಾಯುತ್ತಿದ್ದ.

"ಹಾಗಾದರೆ ಅಗುಳಿ ಬೇಡವೇ, ಗುರುಗಳೇ?"

ಗುರುಗಳು ಕಟ್ಟಿನ ಮೂಲೆಯ ಗೀರಿನ ಮೇಲೆ ಬೆರಳಾಡಿಸಿ ಅವಳನ್ನೇ ಒಂದು ಮಾತು ಕೇಳಿದರು.

"ಅವನು ಕರೆದಾಗ ನೀನು ಎತ್ತಿದ ಬ್ಲೇಡು ನಿಂತಿತ್ತೇನಮ್ಮ?"