ಬೊಗಸೆಯ ಮುಂದೆ ಮಾಸ್ತರರು

ಪೂಜ್ಯ ನಿರ್ವಾಣಜ್ಜನವರ ಮಠವೆಂದರೆ ಅದೇನು ಮಹಾ ಮಠ! ಎರಡು ಮಣ್ಣಿನ ಕೋಣೆ, ಒಂದು ಬೇವಿನ ಮರ, ದಾರಿಯ ಬದಿಗೆ ಒಂದು ಅರವಟ್ಟಿಗೆ. ಬೇಸಿಗೆಯಲ್ಲಿ ದಾರಿಹೋಕರಿಗೆ ನೀರು ಕೊಡುವ ಆ ಚಪ್ಪರದಡಿಯೇ ಅಜ್ಜನವರು ಹಳೆ ಬಟ್ಟೆ ಜೋಡಿಸಿ ಕೌದಿ ಹೊಲಿಯುತ್ತ ಕುಳಿತಿರುತ್ತಿದ್ದರು.

ಅಲ್ಲಿಗೆ ಸ್ವೀಡನ್ ದೇಶದಿಂದ ಆಂಟನ್ ಲಿಂಡ್ ಎಂಬ ಪ್ರಾಧ್ಯಾಪಕರು ಬಂದಿದ್ದರು. ಇಪ್ಪತ್ತಾರು ವರ್ಷ ತತ್ತ್ವಶಾಸ್ತ್ರ ಕಲಿಸಿದವರು. ಆ ಕೆಲಸ ಬಿಟ್ಟು, ಕನ್ನಡ ಕಲಿತು, ಮೂರು ವರ್ಷದಿಂದ ಅಜ್ಜನವರ ಸೇವೆಯಲ್ಲಿದ್ದರು. ಊರವರ ಬಾಯಲ್ಲಿ ಅವರು ಮಾಸ್ತರರು. ಇನ್ನು ತಾವೂ ಜನರಿಗೆ ಬೋಧಿಸಲು ಗುರುಗಳ ಅಪ್ಪಣೆಯಾಗಬೇಕು, ಅದೊಂದೇ ಹಂಬಲ. ಅದಾಗದಿದ್ದರೆ ಬಿಟ್ಟು ಬಂದದ್ದೆಲ್ಲ ವ್ಯರ್ಥವಲ್ಲವೇ ಎಂದು ಎದೆ ಹಿಂಡುತ್ತಿತ್ತು. ಕೇಳಿಕೊಂಡಾಗ ಅಜ್ಜನವರು ನಕ್ಕು, ಈ ಬೇಸಿಗೆ ದಾರಿಹೋಕರಿಗೆ ನೀರು ಹಾಕಿರೆಂದರು.

ಮಾಸ್ತರರ ಮುಖ ಸಣ್ಣದಾಯಿತು. ಆದರೂ ತಂಬಿಗೆ ಹಿಡಿದರು. ಅಲ್ಲಿ ಲೋಟವಿಲ್ಲ, ಬಂದವರು ಬಗ್ಗಿ ಬೊಗಸೆಯೊಡ್ಡಬೇಕು, ಇವರು ಮೇಲಿನಿಂದ ಸುರಿಯಬೇಕು. ಸುರಿಯುತ್ತಲೇ ಇವರ ಉಪನ್ಯಾಸ ಶುರು! ತೃಷೆ ಎಂದರೇನು, ಆತ್ಮವೆಂದರೇನು... ಕುಡಿಯುವವರ ಅಂಗಿ ತೋಯ್ದು ತೊಪ್ಪೆ. ಅಜ್ಜನವರು ನೋಡಿಯೂ ನೋಡದವರಂತೆ ಸೂಜಿಗೆ ದಾರ ಪೋಣಿಸುತ್ತಿದ್ದರು.

ಒಂದು ಮಧ್ಯಾಹ್ನ ಕುರಿ ಕಾಯುವ ಮುದುಕಿ ನಿಂಗವ್ವ ಬಂದಳು. ಮಾತಿನ ಭರದಲ್ಲಿ ತಂಬಿಗೆ ಪೂರ್ತಿ ವಾಲಿತು. ಪಾಪ, ನೀರು ಅವಳ ನೆತ್ತಿಗೇರಿತು. ಕೆಮ್ಮು ನಿಂತ ಮೇಲೆ ಮೆಲ್ಲಗೆ ಹೇಳಿದಳು:

"ಮಾಸ್ತರ, ನನ್ನ ಮಾರಿ ನೋಡಿ ಹಾಕ್ರಿ. ಎಷ್ಟು ಬೇಕಂತ ಅದ ಹೇಳತೈತಿ."

ಮಾಸ್ತರರು ನಾಚಿಕೆಯಿಂದ ಕುಗ್ಗಿಹೋದರು. ಇಪ್ಪತ್ತಾರು ವರ್ಷ ಪಾಠ ಹೇಳುವಾಗ ಎದುರಿಗೆ ಕುಳಿತ ಒಬ್ಬರ ಮುಖವನ್ನೂ ತಾವು ಸರಿಯಾಗಿ ನೋಡಿರಲಿಲ್ಲವಲ್ಲ! ಮತ್ತೆ ತಂಬಿಗೆ ತುಂಬಿಕೊಂಡು, ಮಾತಿಲ್ಲದೆ, ಅವಳ ಮುಖ ನೋಡುತ್ತ ಸಣ್ಣ ಧಾರೆಯಾಗಿ ಹಾಕಿದರು. ಹೊಟ್ಟೆ ತಣ್ಣಗಾಯಿತೆಂದು ಹರಸಿ ಅವಳು ಕುರಿಗಳ ಹಿಂದೆ ಹೋದಳು. ಬೇಸಿಗೆ ಮುಗಿಯುವತನಕ ಹಾಗೆಯೇ ನಡೆಯಿತು. ಅಪ್ಪಣೆಯ ಮಾತನ್ನು ಮಾಸ್ತರರು ಮತ್ತೆ ಎತ್ತಲಿಲ್ಲ; ಅದು ನೆನಪಿಗೂ ಬಾರದಷ್ಟು ನೆಮ್ಮದಿಯಾಗಿದ್ದರು.

ಚಪ್ಪರ ಬಿಚ್ಚುವ ದಿನ ಅಜ್ಜನವರು ಕೌದಿ ಬದಿಗಿಟ್ಟು ಎದ್ದು ಬಂದರು; ಶಿಷ್ಯನ ಮುಂದೆ ಬಗ್ಗಿ ಬೊಗಸೆಯೊಡ್ಡಿದರು. ಮಾಸ್ತರರು ತಂಬಿಗೆಯೆತ್ತಿ ಸುರಿದರು, ಕಣ್ಣು ಗುರುಗಳ ಮುಖ ಬಿಡಲಿಲ್ಲ. ಸಾಕೆಂದು ಅಜ್ಜನವರು ತಲೆಯೆತ್ತುವ ಮೊದಲೇ ಧಾರೆ ನಿಂತಿತ್ತು.

"ಸಾಕಾತು," ಎಂದರು ಅಜ್ಜನವರು. "ನಾಳಿಂದ ನೀವ ಪ್ರವಚನ ಹೇಳ್ರಿ."

ಮಾಸ್ತರರು ಗುರುಗಳ ಒದ್ದೆ ಕೈಗಳನ್ನು ಕಣ್ಣಿಗೊತ್ತಿಕೊಂಡು ಅತ್ತರು. ಮರುದಿನ ಬೇವಿನ ಕಟ್ಟೆಯ ಮೇಲೆ ಕುಳಿತಾಗ ಎದುರಿಗೆ ನಿಂಗವ್ವನೂ ಇದ್ದಳು. ಅವಳ ಮುಖ ನೋಡಿಕೊಂಡೇ ಮಾತು ಶುರು ಮಾಡಿದರು. ಅವಳಿಗೆ ಸಾಕೆನಿಸಿದಲ್ಲಿಗೆ ನಿಲ್ಲಿಸಿದರು.